ಮೂವತ್ತೆಂಟು ರೂಪಾಯಿ, ಹದಿಮೂರಾಣೆ, ಎರಡು ಪೈ

(ಊರಿನ ವಾಚನಾಲಯದಲ್ಲಿ ಒಂದು ಸಂಜೆ ಆಡಿದ ಮಾತು ಇದು. ಆಮೇಲೆ ಕೂತು ಬರೆದೆ. ಮಾತಿನ ಸುತ್ತುಬಳಸು ಕೆಲವನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬ್ಯಾಂಕಿನ ಚರಿತ್ರೆ ಅಂತ ಹೇಳಿದ ಕೂಡಲೇ ಹಿಂದಿನ ಬೆಂಚಿನ ಇಬ್ಬರು ಬಾಗಿಲ ಕಡೆ ನೋಡಿದರು. ಹೆದರಬೇಡಿ, ಬ್ಯಾಲೆನ್ಸ್ ಶೀಟ್ ಓದುವುದಿಲ್ಲ. ಸದ್ಯಕ್ಕೆ ಒಂದು ಮೊತ್ತ ನೆನಪಿಟ್ಟುಕೊಂಡರೆ ಸಾಕು.

1906ನೇ ಇಸವಿ, ಮಾರ್ಚ್ 12. ಉಡುಪಿಯಲ್ಲಿ ಅವತ್ತು ಒಂದು ಬ್ಯಾಂಕು ಬಾಗಿಲು ತೆರೆಯಿತು. ಸಂಜೆ ಲೆಕ್ಕ ಕೂಡಿಸಿದಾಗ ಇದ್ದದ್ದು ಮೂವತ್ತೆಂಟು ರೂಪಾಯಿ, ಹದಿಮೂರಾಣೆ, ಎರಡು ಪೈ.

ಇಲ್ಲಿ ಕೂತಿರುವ ಮಕ್ಕಳಿಗೆ ಆಣೆ, ಪೈ ಗೊತ್ತಿರಲಿಕ್ಕಿಲ್ಲ. ರೂಪಾಯಿಗೆ ಹದಿನಾರಾಣೆ. ಆಣೆಗೆ ಹನ್ನೆರಡು ಪೈ. ಇಡೀ ಮೊತ್ತವನ್ನು ಪೈ ಮಾಡಿದರೆ 7,454 ಆಗುತ್ತದೆ. ನನಗೆ ಆ ಕೊನೆಯ ಎರಡು ಪೈ ಮೇಲೆ ಯಾಕೋ ಪ್ರೀತಿ. ಯಾರ ಸೊಂಟದ ಚೀಲದಿಂದ ಬಂತೋ, ಯಾರು ಎಣಿಸಿ ತೆಗೆದುಕೊಂಡರೋ. ನಾನು ಇವತ್ತು ಹೇಳಬೇಕಾದ್ದೆಲ್ಲ ಅದರ ಸುತ್ತಲೇ ಇದೆ.

ಬ್ಯಾಂಕಿನ ಹೆಸರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್, ಉಡುಪಿ. ನಮಗೆಲ್ಲ ಗೊತ್ತಿರುವ ಕಾರ್ಪೊರೇಷನ್ ಬ್ಯಾಂಕು ಇದೇ. ಆ ಚಿಕ್ಕ ಹೆಸರು ಬಂದದ್ದು 1972ರಲ್ಲಿ. ಕಟ್ಟಿದವರು ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು. ವ್ಯಾಪಾರಿ, ಆಗಿನ್ನೂ ಇಪ್ಪತ್ತರ ಹರೆಯ. ಶುರುವಿನ ಬಂಡವಾಳ 5,000 ರೂಪಾಯಿ. ಮಠ, ರಥಬೀದಿ, ಪರ್ಯಾಯದ ಊರಿನಲ್ಲಿ ಒಬ್ಬ ಮುಸ್ಲಿಂ ವ್ಯಾಪಾರಿ ಬ್ಯಾಂಕು ಕಟ್ಟಿದ. ಊರಿನವರು ಹಣ ತಂದಿಟ್ಟರು. ಇದನ್ನು ಈಗ ಹೇಳುವಾಗ ನಮಗೆ ವಿಶೇಷ ಅನ್ನಿಸುತ್ತದೆ, ಅಲ್ವಾ? ಆಗ ಅನ್ನಿಸಿರಲಿಕ್ಕಿಲ್ಲ ಅಂತ ನನ್ನ ಅಂದಾಜು. ಪೇಟೆಯಲ್ಲಿ ದಿನಾ ನೋಡುವ ಮುಖ, ಮಾತಿಗೆ ತಪ್ಪದ ಅಂಗಡಿ. ಜನಕ್ಕೆ ಅಷ್ಟು ಸಾಕಿತ್ತು.

ಸ್ಥಾಪಕರು ಜನರ ಮುಂದೆ ಒಂದು ಮನವಿ ಇಟ್ಟಿದ್ದರು. ಜಾತಿ ಮತ ನೋಡದೆ ಎಲ್ಲರಿಗೂ ಉಳಿತಾಯದ ಅಭ್ಯಾಸ ಹಿಡಿಸಬೇಕು, ಒಬ್ಬರಿಗೊಬ್ಬರು ಕೂಡಿ ನಡೆಯುವ ಅಭ್ಯಾಸವೂ ಬರಬೇಕು, ಇದೇ ಸ್ವದೇಶಿ ಅಂತ ಅದರ ತಾತ್ಪರ್ಯ. ಬಂಗಾಳದ ವಿಭಜನೆಯಾಗಿ ಇನ್ನೂ ಒಂದು ವರ್ಷ ಆಗಿರಲಿಲ್ಲ. ಸ್ವದೇಶಿ ಅಂದರೆ ವಿಲಾಯತಿ ಬಟ್ಟೆ ಸುಡುವುದು ಅಂತ ನಾವು ಶಾಲೆಯಲ್ಲಿ ಓದಿದ್ದೇವೆ. ಉಡುಪಿಯಲ್ಲಿ ಅದು ಒಂದು ಲೆಡ್ಜರ್ ಪುಸ್ತಕವಾಯಿತು.

ಅದಕ್ಕೆ ಮೊದಲು ಹೇಗಿತ್ತು? ದುಡ್ಡು ಬೇಕಾದರೆ ಸಾಹುಕಾರರ ಚಾವಡಿ. ಬಂಗಾರ ಅಡವಿಡಬೇಕು, ಅವರು ಹೇಳಿದ್ದೇ ಬಡ್ಡಿ. ಬ್ಯಾಂಕು ಅಂತ ಇದ್ದದ್ದು ಮಂಗಳೂರಿನಲ್ಲಿ, ಬ್ಯಾಂಕ್ ಆಫ್ ಮದ್ರಾಸಿನ ಒಂದು ಶಾಖೆ. ಅದು ಮುಖ್ಯವಾಗಿ ತೋಟದ ಬೆಳೆ ರಫ್ತು ಮಾಡುವ ಬ್ರಿಟಿಷ್ ಕಂಪನಿಗಳಿಗೆ. ನಮ್ಮವನೊಬ್ಬ ಅಲ್ಲಿಗೆ ಹೋಗಬೇಕೆಂದರೂ ನಡುವೆ ಉದ್ಯಾವರ, ಮೂಲ್ಕಿ, ಪಾವಂಜೆ, ಕೂಳೂರಿನ ಹೊಳೆಗಳು. ಈಗ ಬಸ್ಸಿನಲ್ಲಿ ನಿದ್ದೆ ಮಾಡಿ ಎದ್ದರೆ ಮಂಗಳೂರು. ಆಗ ಹಾಗಲ್ಲ. ನಾಲ್ಕು ರೂಪಾಯಿ ಇಡಲಿಕ್ಕೆ ನಾಲ್ಕು ಹೊಳೆ ಯಾರು ದಾಟುತ್ತಾರೆ?

ಆ ವರ್ಷ ಇನ್ನೂ ಎರಡು ಸಂಗತಿ ನಡೆಯಿತು. ಜುಲೈಯಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಒಂದು ಫಂಡ್ ಶುರು ಮಾಡಿದರು, ಮುಂದೆ ಕೆನರಾ ಬ್ಯಾಂಕ್ ಆದದ್ದು ಅದು. ಅಕ್ಟೋಬರಿನಲ್ಲಿ ಮದ್ರಾಸಿನ ಅರ್ಬತ್‌ನಾಟ್ ಕಂಪನಿ ದಿವಾಳಿಯಾಯಿತು. ದೊಡ್ಡ ಹೆಸರಿನ, ಬಿಳಿಯರ ಲೇವಾದೇವಿ ಸಂಸ್ಥೆ. ಅದನ್ನು ನಂಬಿ ಸಾವಿರಾರು ಜನ ಹಣ ಇಟ್ಟಿದ್ದರು. ನಮ್ಮ ಜಿಲ್ಲೆ ಆಗ ಮದ್ರಾಸಿಗೇ ಸೇರಿತ್ತು. ಸುದ್ದಿ ಇಲ್ಲಿಗೂ ಬಂದಿರುತ್ತದೆ. ದೊಡ್ಡದು ಮುಳುಗಿತು, ಮೂವತ್ತೆಂಟು ರೂಪಾಯಿಯ ಬ್ಯಾಂಕು ಮುಳುಗಲಿಲ್ಲ.

ಅದು ಅವಸರವನ್ನೂ ಮಾಡಲಿಲ್ಲ. ಮೊದಲ ಶಾಖೆ ಕುಂದಾಪುರದಲ್ಲಿ, 1923ರಲ್ಲಿ. ಅಂದರೆ ಹದಿನೇಳು ವರ್ಷ ಒಂದೇ ಊರು. ಎರಡನೆಯದು ಮಂಗಳೂರು, 1926. ಈಗಿನ ಹೊಸ ಕಂಪನಿಗಳ ಹುಡುಗರಿಗೆ ಇದನ್ನು ಹೇಳಿದರೆ ನಗುತ್ತಾರೆ.

ಈಗ ಎರಡನೇ ಬ್ಯಾಂಕಿಗೆ ಬರುತ್ತೇನೆ. ಅದೂ ಉಡುಪಿಯದ್ದೇ.

1925. ಮೂವರು ಸೇರಿದರು. ಒಬ್ಬರು ಉಪೇಂದ್ರ ಅನಂತ ಪೈ, ವ್ಯಾಪಾರಿ. ಇನ್ನೊಬ್ಬರು ವಾಮನ ಕುಡ್ವ, ಎಂಜಿನಿಯರ್. ಮೂರನೆಯವರು ಉಪೇಂದ್ರ ಪೈಗಳ ತಮ್ಮ ಡಾಕ್ಟರ್ ಟಿ.ಎಂ.ಎ. ಪೈ. ಬ್ಯಾಂಕಿನ ಹೆಸರು ಬಾಯಿತುಂಬ ಇತ್ತು: ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಬಂಡವಾಳ 8,000 ರೂಪಾಯಿ. ಹೆಸರಿನಲ್ಲಿ ಇಂಡಸ್ಟ್ರಿಯಲ್ ಅಂತ ಇದ್ದುದಕ್ಕೆ ಕಾರಣ ಇದೆ. ಕೈಮಗ್ಗದ ಕೆಲಸ ಆಗ ನೆಲ ಕಚ್ಚಿತ್ತು. ನೇಕಾರರಿಗೆ ನೂಲು ತರಲಿಕ್ಕೆ ದುಡ್ಡಿಲ್ಲ, ನೇಯ್ದದ್ದಕ್ಕೆ ಬೆಲೆ ಇಲ್ಲ. ಅವರ ಕೈ ಹಿಡಿಯಬೇಕು ಅನ್ನುವುದೇ ಮೊದಲ ಉದ್ದೇಶ.

ನೇಕಾರರಿಗೆ ಸಾಲ ಕೊಡಬೇಕಾದರೆ ದುಡ್ಡು ಎಲ್ಲಿಂದ? ದೊಡ್ಡ ಕುಳಗಳು ಹೊಸ ಬ್ಯಾಂಕಿಗೆ ಯಾಕೆ ಹಣ ಹಾಕುತ್ತಾರೆ? ಈ ಇಕ್ಕಟ್ಟಿನಿಂದ ಹುಟ್ಟಿದ್ದು 1928ರ ಪಿಗ್ಮಿ. ಬ್ಯಾಂಕಿನ ಏಜೆಂಟ್ ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬರುತ್ತಾನೆ. ಎರಡಾಣೆ ಕೊಟ್ಟರೂ ತೆಗೆದುಕೊಳ್ಳುತ್ತಾನೆ.

(ಪಿಗ್ಮಿ ಅಂದರೆ ಕುಳ್ಳ. ಆಫ್ರಿಕದ ಒಂದು ಜನರನ್ನು ಹೊರಗಿನವರು ಕರೆದ ಹೆಸರು ಅದು. ಇವತ್ತಾದರೆ ಯಾರೂ ಆ ಹೆಸರು ಇಡುತ್ತಿರಲಿಲ್ಲ. ಆದರೆ ನಮ್ಮಲ್ಲಿ ಅದು ಕನ್ನಡದ್ದೇ ಆಗಿಹೋಗಿದೆ. "ಪಿಗ್ಮಿ ಕಟ್ಟಿದ್ರಾ?" ಅಂದರೆ ಯಾರಿಗೂ ಬೇರೇನೂ ನೆನಪಾಗುವುದಿಲ್ಲ. ಪೈಗಳು ಪೈಗೆ ಪೈ ಕೂಡಿಸಿದರು ಎಂಬ ತಮಾಷೆಯನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ. ಇಲ್ಲವಾದರೆ ಆಮೇಲೆ ಚಹಾ ಕುಡಿಯುವಾಗ ನೀವು ಯಾರಾದರೂ ನನಗೆ ಹೇಳುತ್ತೀರಿ.)

ಲೆಕ್ಕ ಮಾಡೋಣ. ದಿನಕ್ಕೆ ಎರಡಾಣೆ, ಒಂದು ದಿನವೂ ತಪ್ಪದೆ ಕೊಟ್ಟರೆ ವರ್ಷಕ್ಕೆ ನಲವತ್ತೈದು ರೂಪಾಯಿ ಹತ್ತಾಣೆ. ಅವತ್ತಿನ ಬಡ ಮನೆಗೆ ಅದು ಕೈತುಂಬ ದುಡ್ಡು. ಹೀಗೆ ನೂರು ಮನೆ, ಸಾವಿರ ಮನೆ ಅಂತ ಕೂಡಿಸುತ್ತಾ ಹೋಗಿ. ಇಲ್ಲಿ ಎಲ್ಲರೂ ಒಂದು ಗಾದೆ ಹೇಳುತ್ತಾರೆ, ಹನಿ ಹನಿ ಕೂಡಿದರೆ ಹಳ್ಳ ಅಂತ. ನನಗೆ ಆ ಗಾದೆಯ ಮೇಲೆ ಸ್ವಲ್ಪ ತಕರಾರಿದೆ. ಹನಿ ತಾನಾಗಿ ಕೂಡುವುದಿಲ್ಲ. ಮಾಡಿನ ನೀರು ಅಂಗಳದಲ್ಲೇ ಹರಿದು ಹೋಗುತ್ತದೆ. ಯಾರಾದರೂ ಕೆಳಗೆ ಹಂಡೆ ಇಡಬೇಕು.

ನನ್ನ ಅಜ್ಜಿ ಮಲ್ಲಿಗೆ ಕಟ್ಟುತ್ತಿದ್ದರು. ನಮ್ಮ ಕಡೆಯ ಶಂಕರಪುರ ಮಲ್ಲಿಗೆ ನಿಮಗೆ ಗೊತ್ತು. ನಾರಿನಲ್ಲಿ ಕಟ್ಟಿ ಚೆಂಡು ಮಾಡುವುದು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ಬೆಲೆ ದಿನಾ ಬೇರೆ. ಮದುವೆ ಸೀಸನ್ನಿನಲ್ಲಿ ಮೇಲೆ, ಮಳೆಗಾಲದಲ್ಲಿ ಹೂವೇ ಇಲ್ಲ. ಇಂಥ ಸಂಪಾದನೆಗೆ ತಿಂಗಳ ಕೊನೆ ಅಂತ ಇರುವುದಿಲ್ಲ. ಬೆಳಿಗ್ಗೆ ಹೂವು, ಮಧ್ಯಾಹ್ನ ದುಡ್ಡು, ರಾತ್ರಿಯೊಳಗೆ ಖರ್ಚು. ತಿಂಗಳಿಗೊಮ್ಮೆ ಬ್ಯಾಂಕಿಗೆ ಬಂದು ಹಣ ಕಟ್ಟಿ ಅಂದರೆ ಅಜ್ಜಿ ಎಲ್ಲಿಂದ ಕಟ್ಟಬೇಕು?

ನಾಲ್ಕು ಗಂಟೆಗೆ ಪಿಗ್ಮಿಯವರು ಬರುತ್ತಿದ್ದರು. ಬಿಳಿ ಅಂಗಿ, ಕಂಕುಳಲ್ಲಿ ಕೊಡೆ, ಹೆಗಲಿಗೆ ರೆಕ್ಸಿನ್ ಚೀಲ. ಅಜ್ಜಿ ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಡುತ್ತಿದ್ದರು. ಅವರು ಕಾರ್ಡಿನಲ್ಲಿ ಬರೆದು ಸಹಿ ಹಾಕುತ್ತಿದ್ದರು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಆದರೆ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿಯೇ ಡಬ್ಬಿಗೆ ಹಾಕುವುದು. ಹೂವಿಲ್ಲದ ದಿನ "ಇವತ್ತು ಇಲ್ಲ ಮಾರಾಯ್ರೆ" ಅಂದರೆ, "ಆಯ್ತು, ನೀರಾದ್ರೂ ಕೊಡಿ" ಅಂತ ಜಗಲಿಯಲ್ಲಿ ಕೂರುತ್ತಿದ್ದರು. ಒಂದು ದಿನ ಅವರು ಬರುವುದು ತಡವಾದರೆ ಅಜ್ಜಿಗೆ ಚಡಪಡಿಕೆ. ದುಡ್ಡು ಕೈಯಲ್ಲಿ ಇದ್ದರೆ ಯಾರಾದರೂ ಕೇಳುತ್ತಾರೆ. ಮುಖ್ಯವಾಗಿ ನನ್ನ ಅಜ್ಜ ಕೇಳುತ್ತಾರೆ.

ಬಡ್ಡಿ ಎಷ್ಟು ಅಂತ ಅಜ್ಜಿ ಒಮ್ಮೆಯೂ ವಿಚಾರಿಸಿದ್ದು ನನಗೆ ನೆನಪಿಲ್ಲ. ಪಿಗ್ಮಿಗೆ ಬಡ್ಡಿ ಕಡಿಮೆಯೇ. ಏಜೆಂಟಿಗೆ ಕಮಿಷನ್ ಕೊಡಬೇಕು, ಚಿಲ್ಲರೆ ಎಣಿಸಬೇಕು, ದಿನಾ ಬರೆಯಬೇಕು. ಬ್ಯಾಂಕಿಗೆ ಅದು ಜಾಸ್ತಿ ಖರ್ಚಿನ ಡೆಪಾಸಿಟ್. ಅವಧಿಗೆ ಮೊದಲೇ ತೆಗೆದರೆ ಮುರಿದುಕೊಳ್ಳುವುದೂ ಇತ್ತು. ಅರ್ಥಶಾಸ್ತ್ರ ಓದಿದವರು ಕೇಳುತ್ತಾರೆ, ಹಾಗಾದರೆ ಜನ ಯಾಕೆ ಕಟ್ಟುತ್ತಿದ್ದರು ಅಂತ. ಒಬ್ಬ ಮನುಷ್ಯ ನಾಲ್ಕು ಗಂಟೆಗೆ ಬಂದು ಕೇಳುತ್ತಾನೆ, ಅದಕ್ಕೇ ಕಟ್ಟುತ್ತಿದ್ದರು. ಇಷ್ಟು ಸುಲಭದ ಉತ್ತರ ಪರೀಕ್ಷೆಯಲ್ಲಿ ಬರೆದರೆ ಮಾರ್ಕು ಸಿಗಲಿಕ್ಕಿಲ್ಲ.

ಇದರಲ್ಲಿ ಬ್ಯಾಂಕಿಗೆ ಇನ್ನೊಂದು ಲಾಭ ಇತ್ತು, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಏಜೆಂಟ್ ದಿನಾ ಇಡೀ ಪೇಟೆ ಸುತ್ತುತ್ತಾನೆ. ಯಾರ ಅಂಗಡಿಯಲ್ಲಿ ವ್ಯಾಪಾರ ಇದೆ, ಯಾರ ಮನೆಯಲ್ಲಿ ಕಾಯಿಲೆ, ಯಾರು ಕುಡಿತ ಶುರು ಮಾಡಿದ್ದಾನೆ, ಎಲ್ಲ ಗೊತ್ತು. ಆರು ತಿಂಗಳು ತಪ್ಪದೆ ಎರಡಾಣೆ ಕಟ್ಟಿದ ಟೈಲರ್ ಮುಂದೆ ಹೊಲಿಗೆ ಯಂತ್ರಕ್ಕೆ ಸಾಲ ಕೇಳಿದಾಗ ಅವನ ಕಾರ್ಡೇ ಅವನ ಪರವಾಗಿ ಮಾತಾಡುತ್ತದೆ. ಆಸ್ತಿ ಇಲ್ಲದವನಿಗೆ ಅದೇ ಆಸ್ತಿ. ಈಗ ಕ್ರೆಡಿಟ್ ಸ್ಕೋರ್ ಅಂತ ಮೊಬೈಲಿನಲ್ಲಿ ಬರುತ್ತದಲ್ಲ, ಅದನ್ನು ಆಗ ಕೊಡೆ ಹಿಡಿದು ನಡೆದವರು ತಲೆಯಲ್ಲಿ ಇಟ್ಟುಕೊಂಡಿದ್ದರು.

ಸಿಹಿ ಮಾತ್ರ ಹೇಳಿದರೆ ಅದು ಚರಿತ್ರೆ ಆಗುವುದಿಲ್ಲ, ಜಾಹೀರಾತು ಆಗುತ್ತದೆ. ಹಾಗಾಗಿ ಉಳಿದದ್ದೂ ಹೇಳುತ್ತೇನೆ.

ಮೊದಲನೆಯದು ಆ ಕೊಡೆಯವರ ಕಥೆ. ಬಿಸಿಲು ಮಳೆ ಎನ್ನದೆ ನಡೆದವರು ಅವರು. ಆದರೆ ಬ್ಯಾಂಕಿನ ನೌಕರರಲ್ಲ. ಸಂಬಳ ಇಲ್ಲ, ರಜೆ ಇಲ್ಲ, ಪಿಂಚಣಿ ಇಲ್ಲ. ತಂದ ಹಣದ ಮೇಲೆ ಕಮಿಷನ್, ಅಷ್ಟೇ. ನಾವೂ ಕೆಲಸಗಾರರೇ ಅಂತ ಅವರು ಹೋರಾಡಿದರು. ಟ್ರಿಬ್ಯೂನಲ್, ಹೈಕೋರ್ಟು ದಾಟಿ ಅದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2001ರಲ್ಲಿ ತೀರ್ಪು ಬಂತು. ಕಮಿಷನ್ ಅನ್ನುವುದೂ ಕೂಲಿಯೇ, ಇವರು ಕಾನೂನಿನ ಪ್ರಕಾರ ಕೆಲಸಗಾರರೇ ಅಂತ ಕೋರ್ಟು ಹೇಳಿತು. ಕಾಯಂ ನೌಕರರ ಸಂಬಳ ಮಾತ್ರ ಸಿಗಲಿಲ್ಲ. ಯೋಜನೆ ಶುರುವಾದದ್ದು 1928, ಈ ಮಾತು ಬಂದದ್ದು 2001. ನಡುವೆ ಎಪ್ಪತ್ಮೂರು ವರ್ಷ. ಅಷ್ಟರಲ್ಲಿ ನಮ್ಮ ಜಗಲಿಗೆ ಬರುತ್ತಿದ್ದವರು ತೀರಿಕೊಂಡೂ ಆಗಿತ್ತು.

ಎರಡನೆಯದು ಮೋಸ. ನಮ್ಮ ಬೀದಿಯಲ್ಲೇ ಒಮ್ಮೆ ಆಯಿತು. ಯಾವ ಸಂಸ್ಥೆ ಅಂತ ಹೇಳುವುದಿಲ್ಲ. ಕಾರ್ಡಿನಲ್ಲಿ ಬರೆದ ಹಣ ಲೆಡ್ಜರಿಗೆ ಹತ್ತಿರಲೇ ಇಲ್ಲ. ಕಲೆಕ್ಟರ್ ಒಂದು ಸೋಮವಾರ ಬರಲಿಲ್ಲ, ಮಂಗಳವಾರವೂ ಬರಲಿಲ್ಲ. ಮೀನು ಮಾರುವ ಇಬ್ಬರು ಹೆಂಗಸರು ಮಗಳ ಮದುವೆಗೆ ಅಂತ ಇಟ್ಟದ್ದು ಹೋಯಿತು. ಅವರು ಪೊಲೀಸರ ಹತ್ತಿರ ಹೋಗಲಿಲ್ಲ. "ದಿನಾ ನೋಡುವ ಮುಖ, ಹೀಗೆ ಮಾಡ್ತಾನೆ ಅಂತ ಯಾರು ಅಂದ್ಕೊಳ್ತಾರೆ" ಅಂತ ಅಳುತ್ತಿದ್ದರು. ಮುಖ ನೋಡಿ ನಂಬುವುದಕ್ಕೆ ಈ ಬದಿಯೂ ಇದೆ.

ಮೂರನೆಯದನ್ನು ಸ್ವಲ್ಪ ಮೆಲ್ಲಗೆ ಹೇಳಬೇಕು. ನಮ್ಮ ಕರಾವಳಿಯ ಬ್ಯಾಂಕುಗಳು ಒಂದೊಂದು ಸಮುದಾಯದ ಸುತ್ತ ಬೆಳೆದವು. ಸಾಲ ಎಲ್ಲರಿಗೂ ಕೊಟ್ಟರು, ಡೆಪಾಸಿಟ್ ಎಲ್ಲರಿಂದಲೂ ತೆಗೆದುಕೊಂಡರು, ನಿಜ. ಆದರೆ ಕೌಂಟರಿನ ಆಚೆ ಕೂತವರ ಹೆಸರು ಓದುತ್ತಾ ಹೋದರೆ ಮದುವೆಯ ಕರೆಯೋಲೆ ಓದಿದ ಹಾಗೆ ಇರುತ್ತಿತ್ತು. ಇದಕ್ಕೆ ಕಾರಣವೂ ಇದೆ. ಕಾಗದಪತ್ರ, ಕಾನೂನಿನ ಆಸರೆ ಕಡಿಮೆ ಇದ್ದ ಕಾಲದಲ್ಲಿ ನೆಂಟಸ್ತನವೇ ಜಾಮೀನು. ಕಾರಣ ಇದೆ ಅಂದ ಮಾತ್ರಕ್ಕೆ ಹೊರಗೆ ಉಳಿದವರಿಗೆ ನೋವು ಆಗಲಿಲ್ಲ ಅಂತ ಅಲ್ಲ. ಗೇಣಿಗೆ ಗದ್ದೆ ಮಾಡುತ್ತಿದ್ದವನು ಕೌಂಟರಿನ ಮುಂದೆ ಎಷ್ಟು ಹೊತ್ತು ನಿಂತಿದ್ದ ಅಂತ ಯಾವ ಬ್ಯಾಂಕಿನ ನೆನಪಿನ ಸಂಚಿಕೆಯಲ್ಲೂ ಬರೆಯುವುದಿಲ್ಲ. ಹಾಗಾಗಿ ನಮ್ಮ ಜಿಲ್ಲೆಯನ್ನು ಬ್ಯಾಂಕುಗಳ ತೊಟ್ಟಿಲು ಅಂತ ಭಾಷಣದಲ್ಲಿ ಹೇಳುವಾಗ ನಾನು ಸ್ವಲ್ಪ ನಿಧಾನಿಸುತ್ತೇನೆ. ತೊಟ್ಟಿಲು ಹೌದು. ಆದರೆ ತೊಟ್ಟಿಲಲ್ಲಿ ಜಾಗ ಎಷ್ಟಿರುತ್ತದೆ?

ಇನ್ನು ಬೇಗ ಬೇಗ ಹೋಗುತ್ತೇನೆ, ಯಾಕೆಂದರೆ ಬ್ಯಾಂಕು ದೊಡ್ಡದಾದ ಮೇಲೆ ಕಥೆ ಎಲ್ಲ ಕಡೆ ಒಂದೇ ತರ.

ಸಿಂಡಿಕೇಟಿನ ಮೊದಲ ಶಾಖೆ ಬ್ರಹ್ಮಾವರದಲ್ಲಿ, 1928. 1946ರಲ್ಲಿ ಒಂದೇ ದಿನ ಇಪ್ಪತ್ತೊಂಬತ್ತು ಶಾಖೆ ತೆರೆದರು, ಅದೂ ಹಳ್ಳಿಗಳಲ್ಲಿ. 1960ರಲ್ಲಿ ಕೇರಳದ ಪಾಲಾ ಸೆಂಟ್ರಲ್ ಬ್ಯಾಂಕು ಮುಚ್ಚಿತು. ದೇಶದ ಸಣ್ಣ ಬ್ಯಾಂಕುಗಳಿಗೆಲ್ಲ ನಡುಕ. ರಿಸರ್ವ್ ಬ್ಯಾಂಕು ಬಿಗಿ ಮಾಡಿತು, ಸಣ್ಣವು ದೊಡ್ಡವುಗಳ ಹೊಟ್ಟೆ ಸೇರಿದವು. ಉಡುಪಿಯ ಈ ಎರಡೂ ಬ್ಯಾಂಕುಗಳು ಆಗ ನುಂಗುವ ಕಡೆ ಇದ್ದವು. ಸಿಂಡಿಕೇಟ್ ಒಂದೇ ಹತ್ತು ಹನ್ನೆರಡು ವರ್ಷದಲ್ಲಿ ಇಪ್ಪತ್ತರಷ್ಟು ಸಣ್ಣ ಬ್ಯಾಂಕುಗಳನ್ನು ತೆಗೆದುಕೊಂಡಿತು. ಕಾರ್ಪೊರೇಷನ್ ಬ್ಯಾಂಕು 1961ರಲ್ಲಿ ಬೆಳಗಾವಿಯ ಬ್ಯಾಂಕ್ ಆಫ್ ಸಿಟಿಜನ್ಸ್ ಅನ್ನು ಸೇರಿಸಿಕೊಂಡಿತು. ಪಾಲಾ ಮುಳುಗಿದ್ದರಿಂದ ಒಂದು ಒಳ್ಳೆಯದೂ ಆಯಿತು. 1962ರ ಜನವರಿಯಿಂದ ಡೆಪಾಸಿಟ್ ವಿಮೆ ಬಂತು. ಬ್ಯಾಂಕು ಮುಳುಗಿದರೂ 1,500 ರೂಪಾಯಿವರೆಗೆ ಸರ್ಕಾರಿ ಭರವಸೆ. ಈಗ ಅದು ಐದು ಲಕ್ಷ.

ಅದೇ 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಸಿಂಡಿಕೇಟಿನವರು ಪೂರ್ತಿ ಹೆಂಗಸರೇ ನಡೆಸುವ ಶಾಖೆ ತೆರೆದರು. ನನ್ನ ಅಜ್ಜಿಯ ಡಬ್ಬಿಯ ದುಡ್ಡು ಅಲ್ಲಿಗೂ ಸ್ವಲ್ಪ ಹೋಗಿರಬಹುದು ಅಂತ ಸುಮ್ನೆ ಅಂದುಕೊಳ್ಳುತ್ತೇನೆ. ಮುಂದಿನ ವರ್ಷಗಳಲ್ಲಿ ಹೆಸರು ಸಿಂಡಿಕೇಟ್ ಬ್ಯಾಂಕ್ ಅಂತ ಚಿಕ್ಕದಾಯಿತು, ಮುಖ್ಯ ಕಚೇರಿ ಮಣಿಪಾಲದ ಗುಡ್ಡ ಹತ್ತಿತು.

1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣ. ಸಿಂಡಿಕೇಟ್, ಕೆನರಾ ಎರಡೂ ಆ ಪಟ್ಟಿಯಲ್ಲಿದ್ದವು. 1980ರ ಏಪ್ರಿಲ್ 15ರಂದು ಇನ್ನೂ ಆರು. ಅದರಲ್ಲಿ ಕಾರ್ಪೊರೇಷನ್, ಮಂಗಳೂರಿನ ವಿಜಯಾ. ಉಡುಪಿ, ಮಂಗಳೂರು ಆಗ ಒಂದೇ ಜಿಲ್ಲೆ. ಆ ಒಂದು ಜಿಲ್ಲೆಯಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳು ಸರ್ಕಾರದ್ದಾದವು. 1924ರಲ್ಲಿ ಮಂಗಳೂರಿನಲ್ಲಿ ಶುರುವಾದ ಕರ್ಣಾಟಕ ಬ್ಯಾಂಕು ಮಾತ್ರ ಖಾಸಗಿಯಾಗಿಯೇ ಉಳಿದಿದೆ. ದೇಶದ ಮೊದಲ ಗ್ರಾಮೀಣ ಬ್ಯಾಂಕು 1975ರ ಗಾಂಧಿ ಜಯಂತಿಯಂದು ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಶುರುವಾಯಿತು. ಹೆಸರು ಪ್ರಥಮಾ. ಅದನ್ನು ಕಟ್ಟಿ ನಿಲ್ಲಿಸಿದ್ದು ಇದೇ ಸಿಂಡಿಕೇಟ್. ಉಡುಪಿಯ ನೇಕಾರರಿಗಾಗಿ ಹುಟ್ಟಿದ ಬ್ಯಾಂಕು ಅಲ್ಲಿಯವರೆಗೆ ಹೋಗಿ ಮುಟ್ಟಿತ್ತು.

ಆಮೇಲೆ ವಿಲೀನಗಳು. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಸೇರಿತು. ಮರುವರ್ಷ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಹೋಗಿ ಕೆನರಾ ಆಯಿತು, ಕಾರ್ಪೊರೇಷನ್ ಹೋಗಿ ಯೂನಿಯನ್ ಬ್ಯಾಂಕ್ ಆಯಿತು. ಲಾಕ್‌ಡೌನ್ ಶುರುವಾಗಿ ಅವತ್ತಿಗೆ ಒಂದು ವಾರ. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ನೂರಾಹದಿನಾಲ್ಕು ವರ್ಷದ ಒಂದು ಹೆಸರು, ತೊಂಬತ್ತನಾಲ್ಕು ವರ್ಷದ ಇನ್ನೊಂದು ಹೆಸರು ಹೋಗುವಾಗ ಕಳುಹಿಸಿಕೊಡಲಿಕ್ಕೆ ಊರಿನವರು ಮನೆಯಿಂದ ಹೊರಗೆ ಬರುವ ಹಾಗೂ ಇರಲಿಲ್ಲ. ಬೋರ್ಡು ಬದಲಾದದ್ದನ್ನು ಜನ ಎಷ್ಟೋ ದಿನದ ಮೇಲೆ ಮಾಸ್ಕು ಹಾಕಿಕೊಂಡು ನೋಡಿದರು.

ಹಾಜಿ ಅಬ್ದುಲ್ಲಾ ಸಾಹೇಬರು 1935ರಲ್ಲೇ ತೀರಿಕೊಂಡಿದ್ದರು. ಉಡುಪಿಯ ಸರ್ಕಾರಿ ಹೆರಿಗೆ ಆಸ್ಪತ್ರೆ ಇರುವುದು ಅವರು ದಾನ ಕೊಟ್ಟ ಜಾಗದಲ್ಲಿ. ಅವರ ಮನೆ ಈಗ ನಾಣ್ಯಗಳ ಸಂಗ್ರಹಾಲಯ. ಹೋಗಿ ನೋಡಿ. ಹಳೇ ಕಾಲದ ಕಾಸುಗಳನ್ನು ಸಾಲಾಗಿ ಇಟ್ಟಿದ್ದಾರೆ. ನಾನು ಅಲ್ಲಿಗೆ ಹೋದರೆ ಹುಡುಕುವುದು ಎರಡು ಪೈ.

ಮೊನ್ನೆ ಮಾರ್ಕೆಟ್ಟಿನಲ್ಲಿ ಬಸಳೆ ತೆಗೆದುಕೊಳ್ಳುತ್ತಿದ್ದೆ. ಸ್ಕೂಟರಿನಲ್ಲಿ ಒಬ್ಬರು ಹೆಂಗಸು ಬಂದು ನಿಂತರು. ಯಾವುದೋ ಸಹಕಾರಿ ಸಂಘದ ಪಿಗ್ಮಿ ಕಲೆಕ್ಟರ್. ಕೈಯಲ್ಲಿ ಸಣ್ಣ ಯಂತ್ರ. ತರಕಾರಿಯಮ್ಮ ನೂರರ ನೋಟು ಕೊಟ್ಟರು. ಅವರ ಪಕ್ಕದಲ್ಲೇ, ಕುಂಬಳಕಾಯಿಗೆ ಒರಗಿಸಿ, ಕ್ಯೂಆರ್ ಕೋಡಿನ ಬೋರ್ಡು. ನಾನು ಕೇಳಿದೆ, "ಮೊಬೈಲಲ್ಲೇ ದಿನಾ ಹಾಕ್ಬಹುದಲ್ಲ ಅಮ್ಮ, ಇವರು ಇಷ್ಟು ದೂರ ಬರುವುದು ಯಾಕೆ?"

"ಹಾಕ್ಬಹುದು," ಅಂದರು. "ಆದ್ರೆ ಕೇಳುವವರು ಬೇಕಲ್ಲ ಮಾರಾಯ್ರೆ."

ಯಂತ್ರ ಕಿರ್ ಅಂತ ಚೀಟಿ ಉಗುಳಿತು. ಅದನ್ನು ಓದದೆ ತಕ್ಕಡಿಯ ಕೆಳಗೆ ಸಿಕ್ಕಿಸಿ, ನನ್ನ ಬಸಳೆ ಕಟ್ಟಿಗೆ ಇನ್ನೆರಡು ದಂಟು ಸೇರಿಸಿ ಕೊಟ್ಟರು.

ಚಹಾ ಆಗಿದೆಯಂತೆ. ಕೇಳುವುದಿದ್ದರೆ ಅಲ್ಲೇ ಕೇಳಿ.